ಕೊಡಲಿಯಲ್ಲಿ ಕಾವು ಕೂರುವ ತೂತಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಪ್ರಶ್ನೆಯನ್ನು ಮೊದಲೇ ಕೇಳಿಬಿಡುತ್ತೇನೆ. ಕೊಡಲಿಯ ತಲೆಯಲ್ಲಿ ಕಾವು ಸೇರಿಸಲು ಒಂದು ತೂತು ಇರುತ್ತದಲ್ಲ, ಅದಕ್ಕೆ ನಿಮ್ಮ ಊರಲ್ಲಿ ಬೇರೆ ಹೆಸರು ಇದೆಯಾ? ನಮ್ಮದು ತೀರ್ಥಹಳ್ಳಿ ಕಡೆ. ನಮ್ಮ ಮನೆಯಲ್ಲಿ ‘ತೂತು’ ಅನ್ನುವುದನ್ನು ಬಿಟ್ಟು ಬೇರೆ ಮಾತನ್ನು ನಾನು ಕೇಳಿದ ನೆನಪಿಲ್ಲ. ಕೊಡಲಿ, ಗುದ್ದಲಿ, ಪಿಕಾಸಿ, ಸುತ್ತಿಗೆ ಎಲ್ಲಕ್ಕೂ ಆ ತೂತು ಇದೆ. ದಿನಾ ಕೈಯಲ್ಲಿ ಹಿಡಿಯುವ ಸಾಮಾನಿನ ಇಷ್ಟು ಮುಖ್ಯವಾದ ಜಾಗಕ್ಕೆ ಹೆಸರೇ ಇಲ್ಲ ಅಂದರೆ ನಂಬಲು ಆಗುತ್ತಿಲ್ಲ. ಕುಲುಮೆಯವರ ಬಾಯಲ್ಲೋ ಬಡಗಿಗಳ ಬಾಯಲ್ಲೋ ಒಂದು ಪದ ಇದ್ದೇ ಇರಬೇಕು.

ಯಾಕೆ ಕೇಳುತ್ತಿದ್ದೇನೆ ಅಂತ ಹೇಳಬೇಕಾದರೆ ಸ್ವಲ್ಪ ದೂರದಿಂದ ಬರಬೇಕು. ನಾನು ನಾಲ್ಕು ವರ್ಷದಿಂದ ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡಿನಲ್ಲಿ, ಗಿಪುಸ್ಕೊವಾ ಸೀಮೆಯ ಒಂದು ಸಣ್ಣ ಊರಿನಲ್ಲಿ ಕೆಲಸಕ್ಕಿದ್ದೇನೆ. ಊರಾಚೆ ಗುಡ್ಡದ ಮೇಲೆ ‘ಬಸೆರ್ರಿ’ ಅನ್ನುವ ಕಲ್ಲಿನ ದೊಡ್ಡ ಮನೆಗಳಿವೆ. ಜನ, ದನ, ಹುಲ್ಲು ಎಲ್ಲ ಒಂದೇ ಸೂರಿನಡಿ. ಮಲೆನಾಡಿನವರಿಗೆ ಆ ಮನೆಗಳನ್ನು ನೋಡಿದರೆ ಪರಕೀಯ ಅನ್ನಿಸುವುದೇ ಇಲ್ಲ, ಮಳೆ ಕೂಡ ಹಾಗೆಯೇ ಬಿಡದೆ ಹಿಡಿಯುತ್ತದೆ. ಅಂಥ ಒಂದು ಮನೆಯ ಅಜ್ಜ ಚಳಿಗಾಲಕ್ಕೆ ಸೌದೆ ಮಾಡುತ್ತಿದ್ದಾಗ ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಅವರು ಮಾತಿಲ್ಲದೆ ಕೊಡಲಿಯನ್ನು ನನ್ನ ಕೈಗೆ ಕೊಟ್ಟು, ಬಿದ್ದಿದ್ದ ಬೀಚ್ ಮರದ ದಿಮ್ಮಿ ತೋರಿಸಿದರು. ಅವತ್ತಿನಿಂದ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ.

ಅವರ ಭಾಷೆಯಲ್ಲಿ ಕೊಡಲಿಗೆ ‘ಐಸ್ಕೊರಾ’. ಬರವಣಿಗೆಯಲ್ಲಿ ಮಧ್ಯೆ ಇಂಗ್ಲಿಷಿನ ಜೆಡ್ ಅಕ್ಷರ ಇದೆ. ಬಾಸ್ಕ್ ಭಾಷೆಯಲ್ಲಿ ಅದರ ಉಚ್ಚಾರ ನಮ್ಮ ‘ಸ’ದ ಹತ್ತಿರ. ಹಾಗಾಗಿ ಕನ್ನಡದಲ್ಲಿ ಬರೆಯುವಾಗ ‘ಐಜ್ಕೊರಾ’ ಅಂತ ಬರೆಯಬೇಡಿ.

ಕೊಡಲಿ ಹೇಗಿದೆ ಅಂದರೆ: ಕಾವು ನೇರ, ಎಲ್ಲೂ ಬಳುಕು ಬಾಗು ಇಲ್ಲ. ಅದೂ ಬೀಚ್ ಮರದ್ದೇ. (ಇಲ್ಲಿಯವರು ‘ಪಾಗೊ’ ಅನ್ನುತ್ತಾರೆ. ಕನ್ನಡದಲ್ಲಿ ಬೀಚ್ ಅಂದರೆ ಎಲ್ಲರಿಗೂ ಕಡಲತೀರವೇ ನೆನಪಾಗುವುದರಿಂದ, ಈ ಮರಕ್ಕೆ ‘ಪಾಗೊ ಮರ’ ಅಂದರೆ ಒಳ್ಳೆಯದೇನೋ.) ಅಲಗು ಅಗಲ, ತೆಳು. ಬೆನ್ನು ಕೂಡ ತೆಳು. ನಮ್ಮಜ್ಜ ಕೊಡಲಿ ತಿರುಗಿಸಿ ಅದರ ಬೆನ್ನಿನಿಂದ ಬೇಲಿ ಗೂಟ ಹೊಡೆಯುತ್ತಿದ್ದರು. ಇದರಲ್ಲಿ ಹಾಗೆ ಮಾಡಿದರೆ ತೂತಿನ ಆಕಾರವೇ ಕೆಡುತ್ತದೆ ಅಂತ ಇಲ್ಲಿಯ ಅಜ್ಜ ಮೊದಲ ದಿನವೇ ಎಚ್ಚರಿಸಿದರು. ಇದು ಅಡ್ಡ ಕಡಿಯುವ ಕೊಡಲಿ, ಸೌದೆ ಒಡೆಯುವ ಕೊಡಲಿ ಅಲ್ಲ. ಈ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಚೆನ್ನಾಗಿದೆ ನೋಡಿ. ಕಡಿಯುವುದು ಬೇರೆ, ಒಡೆಯುವುದು ಬೇರೆ, ಸೀಳುವುದು ಬೇರೆ, ಕೊಚ್ಚುವುದು ಬೇರೆ, ಸವರುವುದು ಬೇರೆ. ಕೈ ಹೇಗೆ ಆಡುತ್ತದೆ ಅನ್ನುವುದು ಕ್ರಿಯಾಪದದಲ್ಲೇ ಇದೆ. ಒಂದು ಕೈ ಕಾವಿನ ತುದಿಯಲ್ಲಿ ಭದ್ರವಾಗಿರಬೇಕು, ಇನ್ನೊಂದು ಕೈ ತಲೆಯ ಹತ್ತಿರ ಹಿಡಿದು, ಬೀಸುವಾಗ ಜಾರಿಕೊಂಡು ಕೆಳಗೆ ಬಂದು ಮೊದಲ ಕೈಯನ್ನು ಸೇರಬೇಕು. ಏಟು ನೆಟ್ಟಗೆ ಬಿದ್ದರೆ ಅಲಗು ಮರದಲ್ಲಿ ಕಚ್ಚಿಕೊಳ್ಳುತ್ತದೆ, ಓರೆಯಾಗಿ ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಬಿದ್ದರೆ ಅಂಗೈ ಅಗಲದ ಚಕ್ಕೆ ಹಾರುತ್ತದೆ. ನಮ್ಮಲ್ಲಿ ‘ಕಚ್ಚು ಹಾಕು’ ಅನ್ನುತ್ತೇವಲ್ಲ, ಅದೇ.

ಈಗ ತೂತಿನ ವಿಷಯಕ್ಕೆ ಬರುತ್ತೇನೆ, ನಿಜವಾದ ಮಾತು ಇಲ್ಲಿದೆ.

ನಮ್ಮ ಮನೆಯ ಕೊಡಲಿಗೆ ಕಾವನ್ನು ಕೆಳಗಿನಿಂದ ತೂರಿಸಿ, ಮೇಲಿನಿಂದ ಬೆಣೆ ಹೊಡೆಯುತ್ತಿದ್ದರು. ಕಾವು ಒಣಗಿ ತಲೆ ಅಲುಗಾಡಲು ಶುರುವಾದರೆ, ಕೊಡಲಿಯನ್ನು ತಲೆ ಮೇಲಾಗಿ ಹಿಡಿದು, ಕಾವಿನ ಬುಡವನ್ನು ಕಲ್ಲಿಗೆ ಕುಟ್ಟುತ್ತಿದ್ದರು. ತಲೆ ಕೆಳಗಿಳಿದು ಬಿಗಿಯಾಗುತ್ತಿತ್ತು. ಇಲ್ಲದಿದ್ದರೆ ರಾತ್ರಿ ನೀರಿನಲ್ಲಿ ನೆನೆಹಾಕುತ್ತಿದ್ದರು. ಬಾಸ್ಕ್ ಕೊಡಲಿಯಲ್ಲಿ ಬೆಣೆಯೇ ಇಲ್ಲ. ತೂತು ದುಂಡಗಿದೆ, ಮೇಲೆ ಅಗಲ, ಕೆಳಗೆ ಕಿರಿದು. ಕಾವಿನ ಮೇಲ್ತುದಿ ದಪ್ಪ. ಸಣ್ಣ ತುದಿಯನ್ನು ಮೇಲಿನಿಂದ ತೂತಿಗೆ ಇಳಿಸಿ ಪೂರ್ತಿ ಎಳೆದರೆ ದಪ್ಪ ಭಾಗ ಬಂದು ಕಚ್ಚಿ ನಿಲ್ಲುತ್ತದೆ. ನಮ್ಮ ಪಿಕಾಸಿಯನ್ನು ನೆನಪಿಸಿಕೊಳ್ಳಿ, ಅದೇ ರೀತಿ. ಬೀಸಿದಷ್ಟೂ ತಲೆ ಹೊರಗೆ ಹೋಗಲು ನೋಡುತ್ತದೆ, ಹೊರಗೆ ಹೋದಷ್ಟೂ ದಪ್ಪ ಕಾವು ಸಿಗುತ್ತದೆ, ಆದ್ದರಿಂದ ತಾನಾಗಿ ಬಿಗಿಯಾಗುತ್ತಾ ಹೋಗುತ್ತದೆ. ಹಾರಿಹೋಗುವ ಭಯ ಇಲ್ಲ. ಕಾವು ಮುರಿದರೆ ಕಾಡಿನಲ್ಲೇ ಹೊಸದು ಕೆತ್ತಿ ಇಳಿಸಬಹುದು. ಅಲಗು ಮಸೆಯಬೇಕಾದರೆ ಕಾವು ಬಿಚ್ಚಿ ತಲೆಯನ್ನು ಮಾತ್ರ ಒಯ್ಯಬಹುದು.

ಒಂದು ದಿನ ತಲೆ ಸ್ವಲ್ಪ ಅಲುಗಾಡಿತು. ನಾನು ಊರಿನ ಅಭ್ಯಾಸದಂತೆ ತಲೆ ಮೇಲೆ ಮಾಡಿ ಕಾವಿನ ಬುಡವನ್ನು ಕಲ್ಲಿಗೆ ಕುಟ್ಟಿದೆ. ಬಿಗಿಯಾಗುವ ಬದಲು ತಲೆ ಪೂರ್ತಿ ಕಳಚಿ ಕಾವಿನುದ್ದಕ್ಕೂ ಜಾರಿ ನನ್ನ ಹೆಬ್ಬೆರಳಿನ ಮೇಲೆ ಬಂದು ಕೂತಿತು. ಚರ್ಮ ಸುಲಿಯಿತು, ಹೆಚ್ಚೇನೂ ಆಗಲಿಲ್ಲ. ಅಜ್ಜ ಬಂದು ಕೊಡಲಿ ತೆಗೆದುಕೊಂಡು ತಲೆಕೆಳಗು ಮಾಡಿ, ಕಾವಿನ ದಪ್ಪ ತುದಿಯನ್ನು ಕೊರಡಿನ ಮೇಲೆ ಎರಡು ಸಲ ಕುಕ್ಕಿದರು. ಬಿಗಿಯಾಯಿತು. ಬಿಗಿ ಮಾಡುವ ಕಡೆ, ಸಡಿಲ ಮಾಡುವ ಕಡೆ ಎರಡೂ ನಮ್ಮದಕ್ಕೆ ತದ್ವಿರುದ್ಧ.

ಇದನ್ನು ಅಪ್ಪಯ್ಯನಿಗೆ ಫೋನಿನಲ್ಲಿ ವಿವರಿಸಲು ಹೋದಾಗಲೇ ನನಗೆ ಪದ ಸಾಲದೆ ಹೋದದ್ದು. ‘ತೂತು ಮೇಲೆ ಅಗಲ, ಕೆಳಗೆ ಕಿರಿದು’ ಅಂದೆ. ಯಾವ ತೂತು, ಅಲಗಿನಲ್ಲಿ ತೂತು ಬಿದ್ದಿದೆಯಾ ಅಂತ ಕೇಳಿದರು. ‘ತೂತು’ ಅಂದರೆ ನಮಗೆ ಹಾಳಾದದ್ದು, ಸೋರುವುದು ಅನ್ನುವ ಅರ್ಥ ಮೊದಲು ಬರುತ್ತದೆ. ಬಕೀಟು ತೂತು, ಜೇಬು ತೂತು. ಬೇಕಂತಲೇ ಮಾಡಿದ, ಅಳತೆ ಇಟ್ಟು ಮಾಡಿದ ಜಾಗಕ್ಕೆ ಆ ಪದ ಸಾಲುವುದಿಲ್ಲ, ಅಲ್ವಾ?

ಇಂಗ್ಲಿಷಿನವರು, ಸ್ಪ್ಯಾನಿಷಿನವರು ಇದಕ್ಕೆ ‘ಕಣ್ಣು’ ಅನ್ನುತ್ತಾರೆ. ಕನ್ನಡದಲ್ಲೂ ಕಣ್ಣು ಅನ್ನಬಹುದಾ? ನಮಗೆ ಸೂಜಿ ಕಣ್ಣು ಇದೆ, ತೆಂಗಿನಕಾಯಿ ಕಣ್ಣು ಇದೆ, ಕಬ್ಬಿನ ಗೆಣ್ಣಿನಲ್ಲಿ ಕಣ್ಣು ಇದೆ. ಸೂಜಿ ಕಣ್ಣಿನಲ್ಲಿ ದಾರ ತೂರುವ ಹಾಗೆ ಕೊಡಲಿ ಕಣ್ಣಿನಲ್ಲಿ ಕಾವು ತೂರುತ್ತದೆ ಅಂದರೆ ಕಿವಿಗೆ ಕೆಟ್ಟದಾಗಿ ಕೇಳುವುದಿಲ್ಲ. ಆದರೆ ಯಾರೋ ಕಮ್ಮಾರರು ನಿಜವಾಗಿ ಹಾಗೆ ಅಂದದ್ದನ್ನು ನೀವು ಕೇಳಿದ್ದೀರಾ? ಅದು ನನಗೆ ಮುಖ್ಯ. ಇರುವ ಪದವನ್ನು ಹುಡುಕದೆ ಹೊಸದನ್ನು ಕಟ್ಟಲು ಮನಸ್ಸು ಒಪ್ಪುತ್ತಿಲ್ಲ.

ಮೈಯ ಅಂಗಗಳ ಹೆಸರನ್ನು ಸಾಮಾನಿಗೆ ಇಡುವುದರಲ್ಲಿ ನಾವೂ ಬಾಸ್ಕರೂ ಒಂದೇ ದಾರಿ ಹಿಡಿದಿದ್ದೇವೆ. ಅವರ ಮಾತಿನಲ್ಲಿ ‘ಅಹೊ’ ಅಂದರೆ ಬಾಯಿ. ಅಲಗಿನ ಹರಿತವಾದ ಅಂಚಿಗೂ ‘ಅಹೊ’. ನಾವೂ ಕೊಡಲಿ ಬಾಯಿ ಮೊಂಡಾಯಿತು, ಬಾಯಿ ಮುಕ್ಕಾಯಿತು ಅನ್ನುತ್ತೇವೆ. ನಾವು ‘ಇಬ್ಬಾಯಿ ಕತ್ತಿ’ ಅನ್ನುವುದನ್ನು ಅವರು ‘ಅಹೊ ಬಿಕೊ ಎಸ್ಪಾತಾ’ ಅನ್ನುತ್ತಾರೆ, ಎರಡು ಬಾಯಿಯ ಕತ್ತಿ ಅಂತಲೇ ಅರ್ಥ. ಇದನ್ನು ಹೇಳಿದಾಗ ಅಜ್ಜನಿಗೆ ತುಂಬಾ ಖುಷಿಯಾಯಿತು. ನಮಗೆ ಗರಗಸಕ್ಕೆ ಹಲ್ಲು, ಬಾಣಲೆಗೆ ಕಿವಿ, ಕತ್ತಿಗೆ ಬೆನ್ನು ಇದೆ. ಇಷ್ಟೆಲ್ಲ ಅಂಗಗಳನ್ನು ಹಂಚಿದವರು ಆ ತೂತಿಗೆ ಏನೂ ಕೊಡದೆ ಬಿಟ್ಟಿರಲಾರರು.

ಕಾವಿನ ಬಗ್ಗೆಯೂ ಎರಡು ಮಾತು. ಕತ್ತಿಗೆ ಹಿಡಿ, ಬಾಗಿಲಿಗೆ ಹಿಡಿಕೆ, ಕೊಡಲಿಗೆ ಗುದ್ದಲಿಗೆ ಮಾತ್ರ ಕಾವು. ಈಚೆಗೆ ಎಲ್ಲದಕ್ಕೂ ‘ಹ್ಯಾಂಡಲ್’ ಬಂದು ಕೂತಿದೆ, ಈ ಭೇದ ಅಳಿಸಿಹೋಗುತ್ತಿದೆ, ನನಗೆ ಅದು ಬೇಸರದ ಸಂಗತಿ. ತಮಿಳಿನ ‘ಕಾಂಬು’ವಿಗೆ ಹೂವಿನ ತೊಟ್ಟು ಅನ್ನುವ ಅರ್ಥವೂ ಇದೆ, ಸಾಮಾನಿನ ಹಿಡಿ ಅನ್ನುವ ಅರ್ಥವೂ ಇದೆ. ನಮ್ಮ ಕಾವು ಅದರ ಜೊತೆಯದೇ. ಅಂದರೆ ಕೊಡಲಿಗೆ ಕಾವು, ಹೂವಿಗೆ ತೊಟ್ಟು ಇದ್ದ ಹಾಗೆ. ಕೋಳಿ ಕೂರುವ ಕಾವು, ಬಿಸಿಯ ಕಾವು ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು. ಬಾಸ್ಕ್‌ನಲ್ಲಿ ಕಾವಿಗೆ ‘ಕಿರ್ತೆನ್’. ತಿಳಿಗೇಡಿ ಮನುಷ್ಯನನ್ನೂ ಅವರು ಕಿರ್ತೆನ್ ಅಂತ ಬೈಯುತ್ತಾರೆ. ನಾವು ಅಲ್ಲಿ ‘ಕೊರಡು’ ಅನ್ನುತ್ತೇವೆ, ಮರವೇ, ಆದರೆ ಕೆತ್ತದ ಮರ. ‘ಸಿರಿ’ ಅಂದರೆ ಅವರಿಗೆ ಬೆಣೆ (ನಮ್ಮ ಸಿರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ). ‘ಸಿರಿ ಸೇರಿಸಿದ’ ಅಂದರೆ ಒಬ್ಬನನ್ನು ಆಟವಾಡಿಸಿದ, ಸುಳ್ಳು ಹೇಳಿ ನಂಬಿಸಿದ ಅಂತ. ನಾವು ಬತ್ತಿ ಇಡುತ್ತೇವೆ, ಅವರು ಬೆಣೆ ಇಡುತ್ತಾರೆ. ‘ಕೊಡಲಿ ಕಾವು ಕುಲಕ್ಕೆ ಸಾವು’ ಅನ್ನುವ ನಮ್ಮ ಗಾದೆಯನ್ನು ಅಜ್ಜನಿಗೆ ಅರ್ಥ ಮಾಡಿಸಿದೆ. ಅವರು ಬೀಚ್ ಮರದ ದಿಮ್ಮಿಯನ್ನೂ ಬೀಚ್ ಮರದ ಕಾವನ್ನೂ ಒಂದೊಂದು ಸಲ ಮುಟ್ಟಿ ತಲೆಯಾಡಿಸಿದರು. ಕೆಲವರು ‘ಕುಲಕ್ಕೆ ಮೂಲ’ ಅನ್ನುತ್ತಾರೆ. ನಿಮ್ಮ ಕಡೆ ಯಾವುದು?

ಇನ್ನು ‘ಐಸ್ಕೊರಾ’ ಪದದ ಹುಟ್ಟು. ಈ ಗುಂಪಿಗೆ ಇದು ಬೇಕಾದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಯಾರನ್ನು ಕೇಳಿದರೂ ಹೆಮ್ಮೆಯಿಂದ ಒಂದು ಕಥೆ ಹೇಳುತ್ತಾರೆ. ‘ಐತ್ಸ್’ ಅಂದರೆ ಬಂಡೆ, ಕಲ್ಲು. ಕೊಡಲಿ ‘ಐಸ್ಕೊರಾ’, ಗುದ್ದಲಿ ‘ಐತ್ಸುರ್’, ಚಾಕು ‘ಐಸ್ತೊ’. ಎಲ್ಲದರಲ್ಲೂ ಕಲ್ಲು ಇದೆ, ಆದ್ದರಿಂದ ಈ ಪದಗಳು ಶಿಲಾಯುಗದಿಂದ ಬಂದವು ಅಂತ. ಕೇಳಲು ಎಷ್ಟು ಚೆಂದ! ನಾನೂ ಮೊದಲು ನಂಬಿದ್ದೆ. ಆದರೆ ಬಾಸ್ಕ್ ಭಾಷೆಯ ಚರಿತ್ರೆಯನ್ನು ಬಿಡಿಸಿದ ಪಂಡಿತರು ಇದನ್ನು ಒಪ್ಪುವುದಿಲ್ಲ. ಕೊಲ್ದೊ ಮಿಚೆಲೆನಾ (1915–1987), ಆಮೇಲೆ ಲ್ಯಾರಿ ಟ್ರಾಸ್ಕ್ (1944–2004) ಈ ದಾರಿಯಲ್ಲಿ ನಡೆದವರು. ಪೂರ್ವದ ರೋಂಕಲ್ ಕಣಿವೆಯ ಬಾಸ್ಕ್‌ನಲ್ಲಿ ಗುದ್ದಲಿಯ ಪದದಲ್ಲೂ ಚಾಕುವಿನ ಪದದಲ್ಲೂ ಒಂದು ‘ನ’ಕಾರ ಉಳಿದುಕೊಂಡಿತ್ತು. ಕಲ್ಲಿನ ಪದದಲ್ಲಿ ಆ ‘ನ’ ಇಲ್ಲ. ಹಾಗಾಗಿ ಅವೆರಡೂ ಕಲ್ಲಿನಿಂದ ಬಂದಿರಲಾರವು. ‘ಐಸ್ಕೊರಾ’ ಅಂತೂ ಲ್ಯಾಟಿನ್ನಿನ ‘ಆಸ್ಕಿಯೊಲಾ’, ಅಂದರೆ ಸಣ್ಣ ಕೊಡಲಿ, ಅದರಿಂದ ಬಂದ ಎರವಲು ಅನ್ನುವುದು ಅವರ ಮಾತು. ಎರಡು ಸ್ವರಗಳ ನಡುವಿನ ಲ್ಯಾಟಿನ್ ‘ಲ’ ಬಾಸ್ಕ್‌ನಲ್ಲಿ ‘ರ’ ಆಗುವುದು ಬೇರೆ ಎಷ್ಟೋ ಪದಗಳಲ್ಲಿ ಕಂಡ ನಿಯಮ.

ನಾನು ಇದನ್ನು ಇಲ್ಲಿ ಒತ್ತಿ ಬರೆಯಲು ಕಾರಣ ಇದೆ. ಕಬ್ಬಿಣದ ಕುಲುಮೆಗೆ ಬಾಸ್ಕ್‌ನಲ್ಲಿ ‘ಓಲಾ’. ಹಳ್ಳದ ನೀರು ಚಕ್ರ ತಿರುಗಿಸುತ್ತದೆ, ಚಕ್ರ ದೊಡ್ಡ ಸುತ್ತಿಗೆಯನ್ನು ಎತ್ತಿ ಬೀಳಿಸುತ್ತದೆ. ಲೆಗಾಸ್ಪಿ ಊರಿನಲ್ಲಿ ಮಿರಾಂಡಾಓಲಾ ಅನ್ನುವ ಅಂಥ ಹಳೆಯ ಕುಲುಮೆಯನ್ನು ಸರಿ ಮಾಡಿ ಉಳಿಸಿಕೊಂಡಿದ್ದಾರೆ. ಓಲಾಬೆರಿಯಾ ಅಂತ ಒಂದು ಊರೇ ಇದೆ, ಹೊಸ ಕುಲುಮೆ ಅಂತ ಅರ್ಥ. ಇದನ್ನು ಕೇಳಿದ ತಕ್ಷಣ ನನಗೆ ನಮ್ಮ ‘ಆಲೆ’ ನೆನಪಾಯಿತು. ಆಲೆಮನೆ, ಕಬ್ಬಿನ ಆಲೆ. ಎರಡೂ ಬೆಂಕಿ ಉರಿಯುವ ಜಾಗ, ಎರಡೂ ಕೆಲಸದ ಜಾಗ, ಸದ್ದೂ ಹತ್ತಿರ. ಆದರೆ ಇದಕ್ಕೆ ಯಾವ ಆಧಾರವೂ ಇಲ್ಲ. ನಿಯಮ ತೋರಿಸದೆ ಬರೀ ಸದ್ದು ನೋಡಿ ಕೂಡಿಸಿದರೆ ‘ಐತ್ಸ್’ ಕಥೆಯ ಹಾಗೆಯೇ ಆಗುತ್ತದೆ. ನಮ್ಮಲ್ಲಿ ಇಂಥ ಜೋಡಣೆಗಳು ಜಾಸ್ತಿ ಓಡಾಡುತ್ತವೆ, ಅದಕ್ಕೇ ಹೇಳಿದೆ. ಕೊಡಲಿ ವಿಷಯದಲ್ಲಿ ನಮಗೆ ಗಟ್ಟಿ ನೆಲ ಇದೆ: ತಮಿಳಿನ ‘ಕೋಡಾಲಿ’, ತೆಲುಗಿನ ‘ಗೊಡ್ಡಲಿ’, ನಮ್ಮ ‘ಕೊಡಲಿ’, ಪಕ್ಕದಲ್ಲಿ ಸಂಸ್ಕೃತದ ‘ಕುಠಾರ’. ಪರಶುರಾಮ ತುಂಗೆಯಲ್ಲಿ ಕೊಡಲಿ ತೊಳೆದ ಅನ್ನುವ ಕಥೆ ಕೇಳಿ, ಎಳ್ಳಮಾವಾಸ್ಯೆ ಜಾತ್ರೆ ನೋಡಿ ಬೆಳೆದವನು ನಾನು. ‘ಗಂಡುಗೊಡಲಿ’ ಅನ್ನುವ ಪದ ಈಗಲೂ ಮೈ ಜುಮ್ಮೆನ್ನಿಸುತ್ತದೆ.

ಎರಡನೆಯ ಪ್ರಶ್ನೆ. ಕೊಡಲಿ ಸ್ಪರ್ಧೆಯಲ್ಲಿ ದಿಮ್ಮಿ ಕಡಿಯುವವರಿಗೆ ಇಲ್ಲಿ ‘ಐಸ್ಕೊಲಾರಿ’ ಅನ್ನುತ್ತಾರೆ. ನೆಲದ ಮೇಲೆ ಅಡ್ಡ ಮಲಗಿಸಿ ಭದ್ರ ಮಾಡಿದ ದಿಮ್ಮಿಯ ಮೇಲೆ ಹತ್ತಿ ನಿಂತು, ತಮ್ಮ ಎರಡು ಪಾದಗಳ ನಡುವೆ ಕೊಡಲಿ ಬೀಸುತ್ತಾರೆ. ಅರ್ಧ ಕಡಿದು, ತಿರುಗಿ ನಿಂತು, ಇನ್ನೊಂದು ಬದಿಯಿಂದ ಉಳಿದರ್ಧ. ಮೊದಲ ಸಲ ನೋಡಿದಾಗ ನನಗೆ ಉಸಿರೇ ನಿಂತಿತ್ತು. ಕಾಡಿನಲ್ಲಿ ಮರ ಕಡಿಯುವವರು, ಇದ್ದಿಲು ಸುಡುವವರು ‘ನೀನು ಮೇಲೋ ನಾನು ಮೇಲೋ’ ಅಂತ ಪಂಥ ಕಟ್ಟುತ್ತಿದ್ದದ್ದೇ ಬೆಳೆದು ಆಟವಾಯಿತು. ಪಂಥಕ್ಕೆ ಅವರು ‘ಅಪುಸ್ತು’ ಅನ್ನುತ್ತಾರೆ. ಪಕ್ಕದಲ್ಲಿ ನಿಂತು ಎಲ್ಲಿ ಏಟು ಬೀಳಬೇಕು ಅಂತ ತೋರಿಸುತ್ತಾ, ನೀರು ಕೊಡುತ್ತಾ ಇರುವವನಿಗೆ ‘ಬೊತಿಲೆರೊ’. ಈಗ ಸ್ಪರ್ಧೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಕೊಡಲಿಗಳೂ ಬಂದಿವೆ, ಹಳೆಯ ದುಂಡು ತೂತಿನ ಕೊಡಲಿ ಹೆಚ್ಚಾಗಿ ಮನೆಗೆಲಸಕ್ಕೆ ಉಳಿದಿದೆ.

‘ಐಸ್ಕೊಲಾರಿ’ಗೆ ಕನ್ನಡದಲ್ಲಿ ಏನು? ‘ಮರಕಡುಕ’ ಅಂದರೆ ಕಾಡು ಹಾಳು ಮಾಡುವವನ ನೆನಪು ಬರುತ್ತದೆ. ‘ಕೊಡಲಿಗಾರ’ ಸರಿಯಿದೆ, ಆದರೆ ನನ್ನ ಕಿವಿಗೆ ಸ್ವಲ್ಪ ಭಾರ. ಗಾಣಿಗ, ಹೂವಾಡಿಗ, ಕಬ್ಬಿಗ ಇದ್ದ ಹಾಗೆ ‘ಕೊಡಲಿಗ’ ಅಂದರೆ ಹೇಗೆ? ಅವರ ‘ಲಾರಿ’ ಪ್ರತ್ಯಯವೂ ಹೀಗೇ ಕೆಲಸ ಮಾಡುತ್ತದೆ. ನಿಂತಲ್ಲೇ ಪದ್ಯ ಕಟ್ಟಿ ಹಾಡುವವರು ‘ಬೆರ್ತ್ಸೊಲಾರಿ’, ಓಡುವವರು ‘ಕೊರಿಕಲಾರಿ’. ಇದಕ್ಕೆ ಹೊಸ ಪದ ಕಟ್ಟುವುದರಲ್ಲಿ ತಪ್ಪಿಲ್ಲ, ಯಾಕೆಂದರೆ ಆ ಆಟ ನಮ್ಮಲ್ಲಿ ಇರಲಿಲ್ಲ. ತೂತು ಹಾಗಲ್ಲ, ಅದು ನಮ್ಮ ಮನೆ ಮನೆಯಲ್ಲೂ ಇತ್ತು.

ಇನ್ನೊಂದು ಸಣ್ಣ ವಿಷಯ, ಊರಿನ ಹೆಸರು ಸಾಮಾನಿಗೆ ಅಂಟುವ ಬಗ್ಗೆ. 16ನೇ ಶತಮಾನದಲ್ಲಿ ಬಾಸ್ಕರು ತಿಮಿಂಗಿಲ ಹಿಡಿಯಲು ಅಟ್ಲಾಂಟಿಕ್ ದಾಟಿ ಕೆನಡಾದ ಲ್ಯಾಬ್ರಡಾರ್ ತೀರಕ್ಕೆ ಹೋಗುತ್ತಿದ್ದರು. ಅಲ್ಲಿಯ ರೆಡ್ ಬೇ ಅನ್ನುವ ಜಾಗವನ್ನು 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಮೆರಿಕದ ಮೂಲನಿವಾಸಿಗಳ ಜೊತೆಗಿನ ವ್ಯಾಪಾರದಲ್ಲಿ ಕೈ ಬದಲಿಸಿದ ಕಬ್ಬಿಣದ ಕೊಡಲಿಗಳಿಗೆ ‘ಬಿಸ್ಕೇ ಕೊಡಲಿ’ ಅನ್ನುವ ಹೆಸರು ಬಿತ್ತು. ಬಿಸ್ಕೇ ಅಂದರೆ ಬಾಸ್ಕ್ ನಾಡಿನ ಬಿಸ್ಕಾಯಾ ಸೀಮೆ. ಇವತ್ತಿಗೂ ಸ್ಪೇನಿನ ಅಂಗಡಿಗಳಲ್ಲಿ ದುಂಡು ತೂತಿನ ಕೊಡಲಿಗೆ ‘ಬಿಸ್ಕಾಯಾದ ಕೊಡಲಿ’ ಅಂತಲೇ ಹೆಸರು. ನಮ್ಮಲ್ಲಿ ಊರಿನ ಹೆಸರು ಹೊತ್ತ ಕೊಡಲಿ, ಕತ್ತಿ, ಗುದ್ದಲಿ ಯಾವುದಾದರೂ ಇದೆಯಾ? ಇಂಥ ಊರಿನ ಕತ್ತಿ ಅಂತ ಕೇಳಿ ತರುತ್ತಿದ್ದರೆ ದಯವಿಟ್ಟು ಬರೆಯಿರಿ.

ಹಳೆಯ ಬಾಸ್ಕ್ ಕೊಡಲಿಯ ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಬೆಸೆದಿರುತ್ತಾರೆ. ನಮ್ಮೂರ ಕುಲುಮೆಯಲ್ಲೂ ಸವೆದ ಕತ್ತಿಗೆ ‘ಉಕ್ಕು ಹಾಕಿಸಿಕೊಂಡು ಬಾ’ ಅಂತ ನಮ್ಮಜ್ಜ ಕಳಿಸುತ್ತಿದ್ದದ್ದು ನೆನಪಿದೆ. ಈ ಕೆಲಸಕ್ಕೆ ನಿಮ್ಮ ಕಡೆಯ ಮಾತು ಬೇರೆ ಇದ್ದರೆ ಅದನ್ನೂ ತಿಳಿಸಿ.

ಮತ್ತೆ ತೂತಿಗೆ ಬರುತ್ತೇನೆ. ಅಪ್ಪಯ್ಯನನ್ನು ನೇರವಾಗಿಯೇ ಕೇಳಿದ್ದೆ. ‘ತೂತಿಗೆ ತೂತು ಅನ್ನದೆ ಇನ್ನೆಂತ ಹೇಳೋದು ಮಾರಾಯ’ ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ನಮ್ಮಜ್ಜ ಅದಕ್ಕೆ ಏನೋ ಒಂದು ಹೆಸರು ಹೇಳುತ್ತಿದ್ದರು, ಕಾವು ಕೆತ್ತುವಾಗ ಅಳತೆ ನೋಡಲು ಆ ಮಾತು ಬರುತ್ತಿತ್ತು, ನಾಲಿಗೆ ತುದಿಯಲ್ಲಿದೆ, ಆದರೆ ಸಿಗುತ್ತಿಲ್ಲ ಅಂದರು. ಅಜ್ಜ ತೀರಿಕೊಂಡು ಹನ್ನೊಂದು ವರ್ಷ ಆಯಿತು. ನಮ್ಮೂರ ಕುಲುಮೆಯೂ ಈಗ ಇಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮಗೆ ಗೊತ್ತಿರುವ ಪದ ಎಷ್ಟೇ ಸಣ್ಣದಿರಲಿ, ಅನುಮಾನ ಇದ್ದರೂ ಇರಲಿ, ಊರಿನ ಹೆಸರು, ಯಾರ ಬಾಯಲ್ಲಿ ಕೇಳಿದಿರಿ, ಕೊಡಲಿಗೋ ಗುದ್ದಲಿಗೋ ಅನ್ನುವುದನ್ನು ಸೇರಿಸಿ ಬರೆಯಿರಿ. ಬಂದ ಪದಗಳನ್ನೆಲ್ಲ ಒಂದೊಂದಾಗಿ ಅಪ್ಪಯ್ಯನಿಗೆ ಓದಿ ಹೇಳುತ್ತೇನೆ. ಅದರಲ್ಲಿ ಅಜ್ಜನ ಪದ ಇದ್ದರೆ ಅವರಿಗೆ ಗೊತ್ತಾಗುತ್ತದೆ.